ಅಕ್ಕನ ಎಡಗಣ್ಣು

ನನ್ನ ಹೆಂಡತಿ ತನ್ನ ತಾಯಿಯ ಕಣ್ಣುಗಳನ್ನು ನೋಡಿದವಳಲ್ಲ. ನಾನು ನೋಡಿದ್ದೇನೆ. ಅವಳ ತಾಯಿ ನನ್ನ ಅಕ್ಕ.

ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ವಿಶೇಷವೇನಲ್ಲ. ಅಕ್ಕ ಬಾಣಂತಿಯಾಗಿದ್ದಾಗಲೇ ತೀರಿಕೊಂಡಳು. ಕೂಸನ್ನು ನಮ್ಮವ್ವ ಸೆರಗಿನಲ್ಲಿ ಸುತ್ತಿಕೊಂಡು ನಂಜನಗೂಡು ಕಡೆ ಹೆಡತಲೆ ಹತ್ತಿರದ ನಮ್ಮೂರಿಗೆ ತಂದಳು. ಆಗ ನನಗೆ ಹತ್ತು ವರ್ಷ. ಆ ಕೂಸನ್ನು ಎತ್ತಿ ಆಡಿಸಿದವನು ನಾನು, ಮುಂದೆ ಹಿರಿಯರ ಮಾತಿನಂತೆ ತಾಳಿ ಕಟ್ಟಿದವನೂ ನಾನು. ಚಿಕ್ಕಂದಿನಲ್ಲಿ ಕರೆದ ಬಾಯಿ ಬದಲಾಗಲಿಲ್ಲ. ಇವತ್ತಿಗೂ ಅವಳು ನನ್ನನ್ನು ಮಾವ ಎಂದೇ ಕರೆಯುತ್ತಾಳೆ, ಏಕವಚನದಲ್ಲಿ.

ಅಕ್ಕನದು ಒಂದೇ ಫೋಟೊ ಇದೆ. ಅದೂ ಸತ್ತ ಮೇಲೆ ತೆಗೆದದ್ದು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮಣ್ಣಿಗಿಡುವುದೂ ಕೂರಿಸಿಯೇ. ತಲಕಾಡಿನ ಹತ್ತಿರ ಅಕ್ಕನ ಗಂಡನ ಮನೆಯ ಪಡಸಾಲೆಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕುಂಕುಮ, ಕೊರಳಿಗೆ ಹಾರ. ತಲೆ ವಾಲದಂತೆ ಗದ್ದದ ಕೆಳಗಿಂದ ಒಂದು ಬಿಳಿ ಬಟ್ಟೆ ಎತ್ತಿ ಕಟ್ಟಿದ್ದರು. ಮದುವೆಯಲ್ಲಿ ಫೋಟೊ ತೆಗೆಸಿರಲಿಲ್ಲ, ಇದಾದರೂ ಇರಲಿ ಎಂದು ನರಸೀಪುರದಿಂದ ಫೋಟೊದವನನ್ನು ಕರೆಸಿದರು. ಅವನು ಸೈಕಲ್ಲಿನಲ್ಲಿ ಬರುವವರೆಗೂ ಅಕ್ಕ ಹಾಗೇ ಕೂತಿದ್ದಳು. ಪಕ್ಕದಲ್ಲಿ ಕೂಸನ್ನು ಹಿಡಿದು ಅವ್ವ, ಅವ್ವನ ಪಕ್ಕ ನಾನು. ಆ ಫೋಟೊದಲ್ಲಿ ಎಲ್ಲರ ಕಣ್ಣೂ ತೆರೆದಿವೆ, ಅಕ್ಕನದು ಬಿಟ್ಟು.

ಆ ಫೋಟೊ ನಮ್ಮ ಮನೆಯ ಗೋಡೆಯ ಮೇಲೆ ಎಷ್ಟು ವರ್ಷ ಇತ್ತೆಂದರೆ ಅದು ಸತ್ತವಳ ಫೋಟೊ ಎನ್ನುವುದೇ ನಮಗೆ ಮರೆತುಹೋಗಿತ್ತು. ಊರು ಬಿಟ್ಟು ನಂಜನಗೂಡಿನಲ್ಲಿ ಮನೆ ಮಾಡಿದಾಗ ಹೆಂಡತಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಳು. ಆ ಬಸ್ಸಿಗೆ ನಾನೇ ಕಂಡಕ್ಟರ್. ಎಸ್ಸೆಸ್ಸೆಲ್ಸಿ ಮುಗಿಸಿ ನಂಜನಗೂಡು, ನರಸೀಪುರ, ತಲಕಾಡು ಎಂದು ಓಡುವ ಖಾಸಗಿ ಬಸ್ಸಿನಲ್ಲಿ ಆಯುಸ್ಸು ಕಳೆದವನು. ಮುಖ ನೋಡಿದರೆ ಇಳಿಯುವ ಸ್ಟಾಪು ಹೇಳುತ್ತಿದ್ದೆ. ಮುಖಗಳ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇತ್ತು. ಇಲ್ಲಿ ಬರೆಯಲು ಹೊರಟಿರುವ ಪಾಪಕ್ಕೆ ಆ ಜಂಬವೂ ಒಂದು ಕಾರಣ.

ಚಿತ್ರ ಮಾಡುವುದನ್ನು ನನಗೆ ಕಲಿಸಿದವಳು ಮೊಮ್ಮಗಳು, ಮಗನ ಮಗಳು. ಎರಡನೇ ಪಿಯುಸಿ ಓದುತ್ತಿದ್ದಾಳೆ. ಜಪಾನಿನವರ ಕಾರ್ಟೂನು, ಅನಿಮೆ ಅನ್ನುತ್ತಾರಂತೆ, ಅದರ ಹುಚ್ಚು ಅವಳಿಗೆ. ಮೊಬೈಲಿನಲ್ಲಿ ಒಂದು ಎ.ಐ. ಆ್ಯಪ್ ಇದೆ. ಫೋಟೊ ಹಾಕಬೇಕು, ಹೇಗೆ ಬೇಕೋ ಕೆಳಗೆ ನಾಲ್ಕು ಮಾತು ಬರೆಯಬೇಕು, ಸ್ವಲ್ಪ ಕಾಯಬೇಕು. ಆ ಮನುಷ್ಯನೇ ಕಾರ್ಟೂನಿನ ಒಳಗೆ ಹುಟ್ಟಿದವನ ಹಾಗೆ ಎದ್ದು ಬರುತ್ತಾನೆ. ದೊಡ್ಡ ಕಣ್ಣು, ಕಣ್ಣಿನೊಳಗೆ ಎರಡು ಬೆಳಕಿನ ಚುಕ್ಕೆ, ಗಾಳಿಗೆ ಹಾರುವ ಕೂದಲು.

ಜನ್ಮದಲ್ಲಿ ಒಂದು ನೆಟ್ಟನೆಯ ಗೆರೆ ಎಳೆಯದ ನನಗೆ ಇದರ ರುಚಿ ಹತ್ತಿತು. ಹಳೆಯ ಬಸ್ಸಿನ ಫೋಟೊ ಹಾಕಿದೆ, ಅದು ಮೋಡದ ಮೇಲೆ ಓಡಿತು. ಹಾಲು ಹಾಕುವವನ ಎಮ್ಮೆಯನ್ನು ಹಾಕಿ ಅವನಿಗೇ ತೋರಿಸಿದೆ.

"ಇದೇನ್ ಸಾ, ನಮ್ ಎಮ್ಮೆ ಮದ್ವೆಗೆ ಒಂಟಂಗದೆ," ಅಂದ. "ಇಂಗೇ ಇದ್ಬುಟ್ರೆ ಹಾಲು ಕರ್ಯಕ್ಕೇ ನಾಚ್ಕೆ ಆಯ್ತದೆ."

ನೆಂಟರ ಗ್ರೂಪಿನಲ್ಲಿ ದಿನಕ್ಕೊಂದು ಹಾಕತೊಡಗಿದೆ. ಭಾವ ನನ್ನದೂ ಮಾಡಿ, ಚಿಕ್ಕಪ್ಪ ನಮ್ಮ ಮಗೂದು ಮಾಡಿ ಎಂದು ಜನ ಕೇಳಿದರು. ನಿವೃತ್ತನಾದ ಮೇಲೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಮೊಮ್ಮಗಳು ಮಾತ್ರ ಬೇರೆಯವರ ಚಿತ್ರ ಮಾಡುತ್ತಿರಲಿಲ್ಲ. ತನ್ನದೇ ಮಾಡುತ್ತಿದ್ದಳು, ಮತ್ತೆ ಮತ್ತೆ. ಅದಕ್ಕೆ ಕಾರಣವಿತ್ತು. ಅವಳ ಎಡಗಣ್ಣು ಮೂಗಿನ ಕಡೆಗೆ ವಾಲಿದೆ. ಜನ ಮೆಳ್ಳೆಗಣ್ಣು ಅನ್ನುತ್ತಾರೆ. ಗುಂಪಿನ ಫೋಟೊ ಎಂದರೆ ಅವಳು ಪಕ್ಕಕ್ಕೆ ತಿರುಗಿ ನಿಲ್ಲುತ್ತಾಳೆ. ಯಾರಾದರೂ ಎದುರು ನಿಂತು ಮಾತನಾಡಿದರೆ ಕೋಳಿ ನೋಡುವ ಹಾಗೆ ತಲೆಯನ್ನು ಓರೆ ಮಾಡುತ್ತಾಳೆ.

ಒಂದು ದಿನ ತನ್ನ ಚಿತ್ರವನ್ನು ನನ್ನ ಮುಂದೆ ಹಿಡಿದು ಹೇಳಿದಳು: "ನಾನು ಏನೂ ಬರೆಯಲ್ಲ ತಾತ, ನನ್ ಫೋಟೊ ಹಾಕ್ತೀನಿ ಅಷ್ಟೆ. ಅದೇ ನೆಟ್ಟಗೆ ಮಾಡ್ಬಿಡುತ್ತೆ."

ಒಳ್ಳೆ ಮೆಷಿನ್ನು ಎಂದು ನಾನೂ ನಕ್ಕೆ.

ಆ ಕಣ್ಣಿನ ವಿಷಯ ನಮ್ಮ ಮನೆಯಲ್ಲಿ ಅವಳು ಹುಟ್ಟಿದಾಗಿನಿಂದ ಇದೆ. ನನ್ನ ಹೆಂಡತಿ ಕೆಟ್ಟವಳಲ್ಲ, ಆದರೆ ಈ ಒಂದು ವಿಷಯದಲ್ಲಿ ಅವಳ ನಾಲಿಗೆ ಸೊಸೆಯನ್ನು ಬಿಟ್ಟಿದ್ದಿಲ್ಲ. ಸೊಸೆ ತಗಡೂರು ಕಡೆಯವಳು. ಅವರೆಕಾಯಿ ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಹೆಂಡತಿ ಶುರು ಮಾಡುವಳು: "ನಮ್ ವಂಸ್ದಲ್ಲಿ ಯಾರ್ಗೂ ಇರ್ನಿಲ್ಲ ಕಣವ್ವ ಇದು. ನಿಮ್ ತಗಡೂರ್ ಕಡೆಯಿಂದ್ಲೇ ಬಂದಿರಾದು." ಸೊಸೆ ಸಿಪ್ಪೆ ಒಟ್ಟು ಮಾಡಿಕೊಂಡು ಎದ್ದುಹೋಗುವಳು.

ನಾನು ಪಕ್ಕದಲ್ಲೇ ಇರುತ್ತಿದ್ದೆ. ನನಗೆ ಗೊತ್ತಿತ್ತು. ಅಕ್ಕನ ಎಡಗಣ್ಣು ಹೀಗೆಯೇ ಇತ್ತು.

ಯಾಕೆ ಹೇಳಲಿಲ್ಲ ಎಂದರೆ, ಅವ್ವ ಬಾಯಿ ಕಟ್ಟಿದ್ದಳು. ಸತ್ತವಳ ಊನ ಎತ್ತಿ ಆಡಬಾರದು, ತಾಯಿಲ್ಲದ ಕೂಸಿಗೆ ತಾಯಿಯ ಒಳ್ಳೆಯದಷ್ಟೇ ಗೊತ್ತಿರಲಿ ಎನ್ನುವುದು ಅವಳ ಮಾತು. ನಿಮ್ಮವ್ವನ ಕಣ್ಣು ನೀನು ನೋಡಬೇಕಿತ್ತು ಮಗ ಎಂದು ಹೇಳಿ ಹೇಳಿಯೇ ಆ ಕೂಸನ್ನು ಮಲಗಿಸುತ್ತಿದ್ದಳು. ಅಕ್ಕನ ಕಣ್ಣು ಕಂಡವರೆಲ್ಲ ಒಬ್ಬೊಬ್ಬರಾಗಿ ಹೋದರು. ಕೊನೆಗೆ ಉಳಿದವನು ನಾನೊಬ್ಬ. ಅವ್ವನ ಮಾತು ನನಗೆ ಒಳ್ಳೆಯ ನೆಪವೂ ಆಯಿತು. ಬಾಯಿ ಬಿಟ್ಟರೆ ಹೆಂಡತಿಗೆ ನೋವು, ಬಿಡದಿದ್ದರೆ ಸೊಸೆಗೆ. ಸೊಸೆ ಹೊರಗಿನಿಂದ ಬಂದವಳು, ತಡೆದುಕೊಳ್ಳುತ್ತಾಳೆ ಎಂದುಕೊಂಡೆ. ಈ ಮಾತನ್ನು ಬರೆಯಲು ಈಗ ಕೈ ಹಿಂಜರಿಯುತ್ತದೆ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಮಧ್ಯಾಹ್ನ ಅಕ್ಕನ ಫೋಟೊವನ್ನು ಮೊಳೆಯಿಂದ ಇಳಿಸಿದೆ. ಗಾಜಿನ ಮೇಲೆ ಬೆಳಕು ಹೊಳೆಯದ ಹಾಗೆ ಬಾಗಿಲ ಮರೆಗೆ ಹಿಡಿದು ಮೊಬೈಲಿನಲ್ಲಿ ತೆಗೆದೆ. ಅವ್ವನನ್ನೂ ನನ್ನನ್ನೂ ಕತ್ತರಿಸಿ ಅಕ್ಕನೊಬ್ಬಳನ್ನೇ ಉಳಿಸಿ ಆ್ಯಪಿಗೆ ಹಾಕಿದೆ.

ಮೊದಲ ಸಲ ಅವಳು ಗುಲಾಬಿ ಹೂವಿನ ಮರದ ಕೆಳಗೆ ನಿದ್ದೆ ಮಾಡುತ್ತಿದ್ದಳು. ಮರ ಬೇಡ, ಹೊಳೆ ಮತ್ತು ಮರಳು ಇರಲಿ ಎಂದು ಬರೆದೆ. ತಲಕಾಡಿನ ಮರಳಿನ ಹಾಗೆಯೇ ದಿಬ್ಬಗಳು ಬಂದವು. ಆಮೇಲೆ ಕಣ್ಣು ತೆರೆದಿರಲಿ, ನಗುತ್ತಿರಲಿ ಎಂದು ಮೊಮ್ಮಗಳು ಕಲಿಸಿದ ಇಂಗ್ಲಿಷಿನಲ್ಲಿ ಬರೆದೆ. ಕಾಯುತ್ತಾ ಕೂತೆ.

ಅಕ್ಕ ಕಣ್ಣು ತೆರೆದಳು.

ಅಕ್ಕ ಅಂದೆನಲ್ಲ, ಅದೇ ತಪ್ಪು. ರಾಗಿ ಬಣ್ಣದ ಅಕ್ಕ ಹಾಲಿನ ಬಣ್ಣದವಳಾಗಿದ್ದಳು. ಹಣೆಯ ವಿಭೂತಿ ಯಾವುದೋ ಹೊಳೆಯುವ ಚಿಹ್ನೆಯಾಗಿತ್ತು. ಗದ್ದಕ್ಕೆ ಕಟ್ಟಿದ್ದ ಬಟ್ಟೆಯನ್ನು ಮೆಷಿನ್ನು ನೀಲಿ ರಿಬ್ಬನ್ನು ಮಾಡಿ ಕೂದಲಿಗೆ ಕಟ್ಟಿತ್ತು. ಕಣ್ಣುಗಳು ದೊಡ್ಡವು, ನೀರು ತುಂಬಿದಂತೆ ಹೊಳೆಯುತ್ತಿದ್ದವು, ಎರಡೂ ನೆಟ್ಟಗೆ ನನ್ನನ್ನೇ ನೋಡುತ್ತಿದ್ದವು. ಅಕ್ಕ ನನ್ನನ್ನು ಹಾಗೆ ಎರಡೂ ಕಣ್ಣಿನಿಂದ ನೋಡಿದ್ದೇ ಇಲ್ಲ. ಅಡುಗೆಮನೆಯಲ್ಲಿ ನಾನು ಬೆಲ್ಲ ಕದಿಯಲು ಹೋದರೆ ತಿರುಗದೆಯೇ ಹೇಳುತ್ತಿದ್ದಳು: "ಒಂದ್ ಕಣ್ಣು ಒಲೆ ಮ್ಯಾಲದೆ, ಒಂದ್ ಕಣ್ಣು ನಿನ್ ಮ್ಯಾಲದೆ ಕಣ್ಲಾ." ಊರವರು ಆಡಿಕೊಳ್ಳುವುದಕ್ಕೆ ಮುಂಚೆ ತಾನೇ ಆಡಿ ಮುಗಿಸುವುದು ಅವಳ ರೀತಿ.

ಅಳಿಸಿಬಿಡಬೇಕೆಂದು ಬೆರಳು ಎತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಕಾಫಿ ತಂದಳು.

"ಯಾರ್ ಮಾವ ಇದು?"

ಮೆಷಿನ್ನು ಮಾಡಿದ ಯಾರೋ ಎಂದು ಹೇಳಬಹುದಿತ್ತು. ಆದರೆ ಮೊಳೆಯಿಂದ ಇಳಿಸಿದ ಫೋಟೊ ನನ್ನ ತೊಡೆಯ ಮೇಲೇ ಇತ್ತು.

"ನಿಮ್ಮವ್ವ," ಅಂದೆ.

ಅವಳು ಲೋಟ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಮೊಬೈಲು ಈಸಿಕೊಂಡಳು. ಬಹಳ ಹೊತ್ತು ನೋಡಿದಳು.

"ಕಣ್ಣು ಇಂಗೇ ಇದ್ವಾ?"

"ಊಂ," ಅಂದೆ. "ಇಂಗೇ ಇದ್ವು."

ಇಷ್ಟೇ ನನ್ನ ಸುಳ್ಳು. ಹೇಳುವಾಗ ದಾನ ಮಾಡುತ್ತಿದ್ದೇನೆ ಅನ್ನಿಸಿತು. ಹುಟ್ಟಿದಾಗಿನಿಂದ ಮುಚ್ಚಿದ ಕಣ್ಣಿನ ತಾಯಿಗೆ ಹೂವು ಮುಡಿಸಿದವಳು ಅವಳು. ಅವಳ ಮುಖ ಆಗ ಅರಳಿದ ರೀತಿಯನ್ನು ನಾನು ಮದುವೆಯಲ್ಲೂ ಕಂಡಿರಲಿಲ್ಲ.

ಪ್ರಿಂಟು ಹಾಕಿಸು ಎಂದಳು, ಹಾಕಿಸಿದೆ. ಕಟ್ಟು ಹಾಕಿಸು ಎಂದಳು, ಬಂಗಾರದ ಬಣ್ಣದ ಕಟ್ಟು ಹಾಕಿಸಿದೆ. ಹಳೆಯ ಫೋಟೊ ಟವೆಲಿನಲ್ಲಿ ಸುತ್ತಿಕೊಂಡು ಅಟ್ಟ ಸೇರಿತು. ನೆಂಟರ ಗ್ರೂಪಿನಲ್ಲಿ ಕೈ ಮುಗಿದ ಚಿತ್ರಗಳ ಸಾಲೇ ಬಂತು. ಮನೆಗೆ ಬಂದವರನ್ನೆಲ್ಲ ಹೆಂಡತಿ ಆ ಮೊಳೆಯ ಮುಂದೆ ನಿಲ್ಲಿಸುತ್ತಿದ್ದಳು. "ನಮ್ಮವ್ವ. ಮಾವ ನೆಪ್ಪಿನಿಂದ ಏಳಿ ಮಾಡ್ಸವ್ನೆ. ಕಣ್ ನೋಡಿ."

ಆಮೇಲೆ ಅವಳ ಮಾತಿಗೆ ಸಾಕ್ಷಿಯೂ ಸಿಕ್ಕಂತಾಯಿತು. ಸೊಸೆ ನೆಲ ಒರೆಸುತ್ತಿದ್ದಾಗ ಒಮ್ಮೆ ಹೆಂಡತಿ ಗೋಡೆ ತೋರಿಸಿ, "ನೋಡವ್ವ, ನಮ್ ಕಡೆ ಕಣ್ಣು ಅಂದ್ರೆ ಅದು," ಎಂದಳು. ಸೊಸೆ ತಲೆ ಎತ್ತಲಿಲ್ಲ. ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳು ತಲೆ ಓರೆ ಮಾಡಿ ಆ ಚಿತ್ರ ನೋಡಿದಳು. ಹೆಗಲಿನ ಆ ಬಾಗು, ಕತ್ತಿನ ಆ ವಾರೆ, ಎಲ್ಲ ಅಕ್ಕನದೇ. ಗೋಡೆಯ ಮೇಲಿದ್ದವಳಿಗೂ ಅಕ್ಕನಿಗೂ ಸಂಬಂಧವಿರಲಿಲ್ಲ, ಬಾಗಿಲಲ್ಲಿದ್ದವಳಿಗಿತ್ತು.

ಅಲ್ಲಿಂದ ನನಗೆ ನೆಮ್ಮದಿ ಹೋಯಿತು. ಮೆಷಿನ್ನಿನಿಂದ ಕೆಟ್ಟದ್ದನ್ನು ಮೆಷಿನ್ನಿನಿಂದಲೇ ಸರಿಮಾಡೋಣ ಎಂದು ಹೊರಟೆ. ಎಡಗಣ್ಣು ಸ್ವಲ್ಪ ಒಳಗೆ ತಿರುಗಿರಲಿ ಎಂದು ಕನ್ನಡದಲ್ಲಿ ಬರೆದೆ, ನನಗೆ ಬಂದ ಇಂಗ್ಲಿಷಿನಲ್ಲಿ ಬರೆದೆ. ಒಮ್ಮೆ ಎರಡೂ ಕಣ್ಣು ನೆಟ್ಟಗೇ ಬಂದವು. ಒಮ್ಮೆ ಎರಡೂ ಮೂಗಿಗೆ ಸೇರಿ ಸರ್ಕಸ್ಸಿನ ಬಫೂನಿನ ಹಾಗೆ ಬಂದವು. ಒಮ್ಮೆ ಎಡಗಣ್ಣಿನ ಮೇಲೆ ಕೂದಲು ಇಳಿಬಿಟ್ಟು ಮುಚ್ಚಿಬಿಟ್ಟಿತು. ಓರೆಗಣ್ಣಿದ್ದೂ ಚೆಲುವೆಯಾಗಿದ್ದ ಹೆಂಗಸೊಬ್ಬಳನ್ನು ಅದು ಎಲ್ಲೂ ಕಂಡಿರಲಿಲ್ಲವೋ ಏನೋ.

ಕೊನೆಗೆ ಮೊಮ್ಮಗಳನ್ನೇ ಕೇಳಿದೆ. ಅವಳು ಓದುತ್ತಾ ಕೂತಿದ್ದಳು.

"ಮೆಳ್ಳೆಗಣ್ಣು ಅನ್ನೋಕೆ ಇದ್ರಲ್ಲಿ ಏನಂತ ಬರೀಬೇಕು ಮಗ?"

ಅವಳು ಪುಸ್ತಕ ಮುಚ್ಚಿದಳು. ಆ ಪದವನ್ನು ಕ್ಲಾಸಿನಲ್ಲಿ ಕೇಳಿದ್ದಳು, ಬಸ್ಸಿನಲ್ಲಿ ಕೇಳಿದ್ದಳು. ನನ್ನ ಬಾಯಿಂದ ಅದೇ ಮೊದಲು.

"ಪದ ಯಾಕೆ ತಾತ? ನನ್ ಕಣ್ಣೇ ಇದ್ಯಲ್ಲ ತೋರ್ಸೋಕೆ," ಎಂದು ಹೇಳಿ ಒಳಗೆ ಹೋದಳು.

ನಿನ್ನದಲ್ಲ ಎಂದು ಕೂಗಿ ಹೇಳಬೇಕಿತ್ತು. ಹೇಳಿದ್ದರೆ, ಮತ್ತೆ ಯಾರದು ಎಂದು ಕೇಳುತ್ತಿದ್ದಳು. ಮೊಬೈಲನ್ನು ಮಗುಚಿಟ್ಟೆ. ಅವತ್ತಿನಿಂದ ಅವಳು ನನ್ನ ಹತ್ತಿರ ಕೂರುವುದನ್ನು ಬಿಟ್ಟಳು. ತನ್ನ ಚಿತ್ರ ಮಾಡಿಕೊಳ್ಳುವುದನ್ನೂ ಬಿಟ್ಟಳು. ಕಾಲೇಜಿನಲ್ಲಿ ಗ್ರೂಪ್ ಫೋಟೊ ತೆಗೆದ ದಿನ ತಲೆನೋವೆಂದು ಮನೆಯಲ್ಲೇ ಉಳಿದಳು. ಅವಳು ಹೋಗದೆ ಉಳಿದದ್ದು ನನ್ನಿಂದ ಎಂದು ನನಗೆ ತಿಳಿದಿತ್ತು.

ಹೀಗೆಯೇ ಪಿತೃಪಕ್ಷ ಬಂತು. ಹಿರಿಯರ ಹಬ್ಬದ ದಿನ ನಾವು ತೀರಿಕೊಂಡವರ ಫೋಟೊಗಳ ಮುಂದೆ ಹೊಸ ಬಟ್ಟೆ ಇಟ್ಟು, ಬಾಳೆಲೆ ಹಾಕಿ, ಮಾಡಿದ ಅಡಿಗೆಯನ್ನೆಲ್ಲ ಎಡೆ ಇಡುತ್ತೇವೆ. ದೀಪ ಹಚ್ಚಿ, ಕೈ ಮುಗಿದು, ಬಾಗಿಲು ಮುಚ್ಚಿಕೊಂಡು ಹೊರಗೆ ಬರುತ್ತೇವೆ. ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ, ಜಗಳ ಆಡುವಂತಿಲ್ಲ.

ಮಗ ಫ್ಯಾಕ್ಟರಿಯ ಸೆಕೆಂಡ್ ಶಿಫ್ಟಿಗೆ ಹೋಗಿದ್ದ. ಹೆಂಡತಿ ಬಂಗಾರದ ಕಟ್ಟಿನ ಚಿತ್ರವನ್ನು ಹಲಗೆಯ ಮೇಲೆ ಇಟ್ಟು ಸೇವಂತಿಗೆ ಹಾರ ಹಾಕಿದಳು. ಅದರ ಮುಂದೆ ಹಸಿರು ಸೀರೆ, ಒಬ್ಬಟ್ಟು, ವಡೆ, ಪಾಯಸ. ನೀಲಿ ರಿಬ್ಬನ್ನಿನ ಹುಡುಗಿ ದೀಪದ ಬೆಳಕಿನಲ್ಲಿ ನಮ್ಮನ್ನೆಲ್ಲ ನೋಡಿ ನಗುತ್ತಿದ್ದಳು. ಬಾಗಿಲು ಮುಚ್ಚಿದೆವು. ಜಗಲಿಯ ಮೇಲೆ ಹೆಂಡತಿ, ಸೊಸೆ, ಮೊಮ್ಮಗಳು, ನಾನು. ಸಂಜೆ ಇನ್ನೂ ಪೂರ್ತಿ ಇಳಿದಿರಲಿಲ್ಲ.

ನಾನು ದೊಡ್ಡ ಭಕ್ತನಲ್ಲ. ಆದರೆ ಅಕ್ಕ ಬರುತ್ತಾಳೆ ಎಂದು ಹತ್ತು ವರ್ಷದವನಿದ್ದಾಗ ನಂಬಿದ್ದೆ, ಆ ನಂಬಿಕೆ ಹೋಗಿಲ್ಲ. ಅವಳು ಈಗ ಒಳಗೆ ಬಂದಿರುತ್ತಾಳೆ. ತನ್ನ ಎಲೆಯ ಮುಂದೆ ಬೇರೆ ಯಾರೋ ಕೂತಿರುವುದನ್ನು ನೋಡುತ್ತಾಳೆ. ತಲೆ ಓರೆ ಮಾಡಿ ನೋಡುತ್ತಾಳೆ. ಮನೆ ತಪ್ಪಿತೇನೋ ಎಂದುಕೊಂಡು ಹಾಗೇ ಹಿಂದಿರುಗುತ್ತಾಳೆ.

"ಬಾಗ್ಲು ತಗಿ," ಅಂದೆ.

"ಈಗ್ತಾನೆ ಮುಚ್ಚಿವ್ನಿ. ಅಸೀತದಾ ಮಾವ? ವಸಿ ತಡ್ಕೊ," ಅಂದಳು ಹೆಂಡತಿ.

"ಅಸಿವಲ್ಲ. ಅಲ್ಲಿ ಕೂತಿರೋಳು ಅಕ್ಕ ಅಲ್ಲ. ಅಕ್ಕನ್ ಕಣ್ಣು ಅಂಗಿರ್ನಿಲ್ಲ."

"ಮತ್ತೆ?"

ಮೊಮ್ಮಗಳ ಕಡೆ ಕೈ ತೋರಿಸಿದೆ. "ಇಂಗಿದ್ವು. ಇವಳಂಗೇ."

ಮೊದಲು ಬಾಯಿ ತೆರೆದವಳು ಮೊಮ್ಮಗಳು.

"ಯಾವ ಕಣ್ಣು?"

"ಎಡಗಣ್ಣು."

"ಮೂಗಿನ ಕಡೆಗಾ?"

"ಊಂ."

"ಅವತ್ತು ಆ ಪದ ಕೇಳಿದ್ದು ಅದಕ್ಕಾ?"

ತಲೆ ಆಡಿಸಿದೆ.

"ಹೇಳಿದ್ರೆ ಆಗ್ತಿತ್ತಲ್ಲ ತಾತ," ಅಂದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸೊಸೆ ಕಂಬಕ್ಕೆ ಒರಗಿ ನಿಂತಿದ್ದಳು. ಮದುವೆಯಾಗಿ ಬಂದ ಮೇಲೆ ಅವಳು ನನ್ನ ಎದುರು ಎತ್ತರದ ದನಿಯಲ್ಲಿ ಮಾತನಾಡಿದವಳಲ್ಲ, ಆಗಲೂ ಆಡಲಿಲ್ಲ. "ಮಗು ಉಟ್ಟಿದಾಗ್ಲಿಂದ ಕೇಳ್ತಾವ್ನಿ ಮಾವನೋರೆ ನಾನು. ನೀವು ಅಲ್ಲೇ ಕುಂತು ಕಾಫಿ ಕುಡೀತಿದ್ರಿ."

ಹೆಂಡತಿ ಬಾಗಿಲು ತೆರೆದು ಒಳಗೆ ಹೋದಳು. ಆ ಚಿತ್ರದ ಕೊರಳಿನಿಂದ ಹಾರ ತೆಗೆದಳು. ಚಿತ್ರವನ್ನು ಒಡೆಯಲಿಲ್ಲ, ಎಸೆಯಲಿಲ್ಲ, ಗೋಡೆಗೆ ಮುಖ ಮಾಡಿ ಇಟ್ಟಳು. ಸೊಸೆ ಸ್ಟೂಲು ಹಾಕಿಕೊಂಡು ಅಟ್ಟದಿಂದ ಟವೆಲಿನ ಗಂಟು ಇಳಿಸಿದಳು. ಹೆಂಡತಿ ಗಾಜನ್ನು ಸೆರಗಿನಿಂದ ಒರೆಸಿ, ಹಲಗೆಯ ಮೇಲಿಟ್ಟು ಎಲೆಯ ಕಡೆ ನೋಡಿದಳು.

"ಈ ಎಡೆ ಏನ್ ಮಾಡೋದು ಈಗ? ಯಾರ್ ಉಂಡ್ರೋ ಏನೋ."

"ಬ್ಯಾರೆ ಎಲೆ ಆಕಣ ಅತ್ತೆ," ಅಂದಳು ಸೊಸೆ. ಇನ್ನೊಂದು ಎಲೆ ಹಾಕಿ ಎಲ್ಲವನ್ನೂ ಮೊದಲಿಂದ ಬಡಿಸಿದಳು. ಮೊದಲ ಎಲೆಯದನ್ನು ಬೀದಿಯ ಹಸುವಿಗೆ ಕೊಟ್ಟು ಬಂದವಳು ಮೊಮ್ಮಗಳು. ಮತ್ತೆ ಬಾಗಿಲು ಮುಚ್ಚಿದೆವು. ಎರಡನೇ ಸಲ ಹೊರಗೆ ನಿಂತಾಗ ಹೆಂಡತಿ ನನಗೆ ಬೆನ್ನು ಮಾಡಿ ನಿಂತಳು.

ಹೇಳಿದ ಮೇಲೆ ಹಗುರಾಯಿತು ಎಂದು ಬರೆಯುವಂತಿದ್ದರೆ ಚೆನ್ನಾಗಿತ್ತು. ಹೆಂಡತಿ ಹಲವು ದಿನ ಬೇಕಾದಷ್ಟೇ ಮಾತನಾಡಿದಳು. ಒಂದು ಬೆಳಿಗ್ಗೆ ಒಲೆಯ ಮುಂದೆ ಕೇಳಿದಳು: "ಅವ್ವನ್ ವಿಸ್ಯದಲ್ಲಿ ಇನ್ನೇನ್ ಸುಳ್ಳು ಏಳಿದ್ದೀಯ ನಂಗೆ?"

ಗೊತ್ತಿದ್ದನ್ನೆಲ್ಲ ಹೇಳಿದೆ. ಬಣ್ಣ ಹೇಳಿದೆ, ಕತ್ತಿನ ವಾರೆ ಹೇಳಿದೆ, ಒಲೆಯ ಮೇಲೊಂದು ಕಣ್ಣು ಎಂಬ ಅವಳ ತಮಾಷೆ ಹೇಳಿದೆ. ಹೆಂಡತಿ ನಗಲಿಲ್ಲ. ಆಮೇಲೆ ಹೇಳಬಾರದಿದ್ದ ಒಂದನ್ನೂ ಹೇಳಿದೆ. ಆ ಚಿತ್ರವನ್ನು ನಾನು ಅಷ್ಟು ಸಲ ತಿದ್ದಿ, ಅಷ್ಟು ಹೊತ್ತು ನೋಡಿದ್ದೇನೆ, ಈಗ ಅಕ್ಕನನ್ನು ನೆನೆದರೆ ನೀಲಿ ರಿಬ್ಬನ್ನೇ ಮೊದಲು ಬರುತ್ತದೆ. ನೆನಪಿನಲ್ಲಿ ಕೇಳುವ ಮಾತು ಅಕ್ಕನದು, ನೋಡುವ ಕಣ್ಣು ಅವಳದಲ್ಲ.

"ಅಂಗಾರೆ ಅವ್ವನ್ ಮುಖ ನಂಗೂ ಇಲ್ಲ, ನಿಂಗೂ ಇಲ್ಲ," ಅಂದಳು.

ಸೊಸೆಗೆ ಹೆಂಡತಿ ಏನೂ ಹೇಳಿಲ್ಲ. ನಾನು ತಪ್ಪಾಯಿತವ್ವ ಎಂದೆ. ಆಯ್ತು ಬಿಡಿ ಎಂದಳು. ಕಾಫಿ ಈಗಲೂ ಕೊಡುತ್ತಾಳೆ, ಲೋಟ ಪಕ್ಕದಲ್ಲಿಟ್ಟು ತಕ್ಷಣ ಹೋಗುತ್ತಾಳೆ. ಚಿತ್ರ ಮಾಡುವ ಆ್ಯಪು ನನ್ನ ಮೊಬೈಲಿನಲ್ಲಿ ಇನ್ನೂ ಇದೆ. ನೆಂಟರು ಕೇಳುತ್ತಾರೆ. ಕಣ್ಣು ಕಾಣುವುದಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ, ಅದೂ ಒಂದು ಸುಳ್ಳೇ.

ಮೊನ್ನೆ ಮಧ್ಯಾಹ್ನ ಹೆಂಡತಿ ಮೊಮ್ಮಗಳನ್ನು ಕರೆದು ಬಾಗಿಲ ಬೆಳಕಿನಲ್ಲಿ ಎದುರಿಗೆ ಕೂರಿಸಿಕೊಂಡಳು. ಗದ್ದ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿದಳು. ಹುಡುಗಿ ಅಭ್ಯಾಸದಂತೆ ತಲೆ ಓರೆ ಮಾಡಿದಳು.

"ಏನಜ್ಜಿ?"

"ಸುಮ್ಕಿರು. ನೋಡ್ತಾವ್ನಿ."

ಬಹಳ ಹೊತ್ತು ನೋಡಿದಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಹುಡುಗಿ ಮೊದಲು ನಾಚಿದಳು, ಆಮೇಲೆ ಕದಲದೆ ಕೂತಳು. ನಾನು ನಡುಮನೆಯ ಕತ್ತಲಲ್ಲಿ ನಿಂತಿದ್ದೆ. ನನಗೂ ಆ ಕಣ್ಣು ಬೇಕಾಗಿತ್ತು, ಹತ್ತಿರ ಹೋಗಲು ಮುಖವಿರಲಿಲ್ಲ. ಮೊಮ್ಮಗಳು ತಿರುಗದೆಯೇ ಹೇಳಿದಳು:

"ಅಲ್ಲಿಂದ ಕಾಣಲ್ಲ ತಾತ. ನೋಡೋದಿದ್ರೆ ಮುಂದೆ ಬನ್ನಿ."

ಹೆಂಡತಿ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹೋಗಿ ಅವಳ ಪಕ್ಕದಲ್ಲಿ ಕೂತೆ.